‘ಸೀಲ್ ಒಡೆಯದ ಹಳೇ ಹಾಟ್ ರಾಡ್ ಕಿಟ್’ ಅಂತ ಯಾರಾದರೂ ಮೆಸೇಜ್ ಹಾಕಿದರೆ ದುಡ್ಡು ಕಳಿಸಬೇಡಿ

ಹಳೇ ಕಾರ್ ಕಿಟ್, ಅಂದರೆ ಬಿಡಿ ಭಾಗ ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಮಾಡೆಲ್ ಕಾರು ಹುಡುಕುತ್ತಿರುವವರು, ಅದರಲ್ಲೂ 1932ರ ಫೋರ್ಡ್ ಹಾಟ್ ರಾಡ್ (ವೇಗಕ್ಕಾಗಿ ಬದಲಾಯಿಸಿದ ಹಳೇ ಕಾರು) ಕಿಟ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನಲ್ಲೇ ಇರುವ ಒಬ್ಬ, ಕನ್ನಡದವನೇ, ‘ಅಮೆರಿಕದಿಂದ ಭಾವ ತಂದುಕೊಟ್ಟಿದ್ದು, ಇನ್ನೂ ಸೀಲ್ ಒಡೆದಿಲ್ಲ’ ಅಂತ ಹೇಳಿಕೊಂಡು ಮಾರುತ್ತಿದ್ದಾನೆ. ಹೆಸರು, ನಂಬರ್ ಇಲ್ಲಿ ಹಾಕುವುದಿಲ್ಲ. ಆದರೆ ಅವನ ಮಾತಿನ ಧಾಟಿ ಹೇಳುತ್ತೇನೆ, ಗುರುತು ಸಿಗುತ್ತದೆ. ನನಗೆ 9,500 ರೂಪಾಯಿ ಟೋಪಿ ಹಾಕಿದ್ದಾನೆ. ದುಡ್ಡು ಹೋದ ಸಂಕಟ ಒಂದು ಕಡೆ. ಆಮೇಲೆ ಅವನು ಕೊಟ್ಟ ಉತ್ತರಗಳಿವೆಯಲ್ಲ, ಅವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮಲ್ಲಿ ಈ ವ್ಯವಹಾರ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಅಂಗಡಿಯಲ್ಲಿ ಕೇಳಿದರೆ ಯುದ್ಧ ವಿಮಾನ ತೋರಿಸುತ್ತಾರೆ, ಟ್ಯಾಂಕ್ ತೋರಿಸುತ್ತಾರೆ. ಅಮೆರಿಕದ ಹಳೇ ಕಾರು ಬೇಕೆಂದರೆ ಹೊರಗಿನಿಂದಲೇ ತರಿಸಬೇಕು. ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿಸಿದರೆ ಕೆಲವು ಸಲ ಕಿಟ್ ಬೆಲೆಗಿಂತ ಅದೇ ಜಾಸ್ತಿ. ಹಾಗಾಗಿ ಒಬ್ಬರಿಂದ ಒಬ್ಬರು ಕೊಳ್ಳುತ್ತೇವೆ. ಫೋಟೋ ನೋಡುತ್ತೇವೆ, ಫೋನಿನಲ್ಲಿ ಮಾತಾಡುತ್ತೇವೆ, ಯುಪಿಐ ಮಾಡುತ್ತೇವೆ, ಡಬ್ಬ ಬರುತ್ತದೆ. ಇಷ್ಟು ವರ್ಷ ಹೀಗೇ ನಡೆದಿದೆ, ಯಾರೂ ಮೋಸ ಮಾಡಿರಲಿಲ್ಲ.

ನನಗೆ ಬೇಕಾಗಿದ್ದು 1940ರ ದಶಕದ ಹಾಟ್ ರಾಡ್. 1932ರಲ್ಲಿ ಫೋರ್ಡ್ ಕಂಪನಿ ಕಡಿಮೆ ಬೆಲೆಯ ಕಾರಿಗೂ ವಿ8 ಎಂಜಿನ್ ಕೂರಿಸಿತು. 221 ಕ್ಯೂಬಿಕ್ ಇಂಚು, 65 ಕುದುರೆ ಶಕ್ತಿ. ತಲೆ ಭಾಗ ಚಪ್ಪಟೆಯಾಗಿರುವ ಆ ಎಂಜಿನ್ನಿಗೇ ಫ್ಲಾಟ್‌ಹೆಡ್ ಅನ್ನುವುದು. ಆಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಆ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡು, ಮಡ್‌ಗಾರ್ಡ್ ಬಿಚ್ಚಿ ಎಸೆದು, ಎಂಜಿನ್ ಕೆದಕಿ, ಎಲ್ ಮಿರಾಜ್‌ನಂಥ ಒಣಗಿದ ಕೆರೆಯ ಅಂಗಳದಲ್ಲಿ ಧೂಳೆಬ್ಬಿಸಿಕೊಂಡು ಓಡಿಸುತ್ತಿದ್ದರು. ನನಗೆ ಬೇಕಾಗಿದ್ದು ಆ ಕಾರು. ಫ್ಲಾಟ್‌ಹೆಡ್ ಇರಲೇಬೇಕು, ಅಳತೆ 1/25, ಅಂದರೆ ನಿಜವಾದ ಕಾರಿನ ಇಪ್ಪತ್ತೈದನೇ ಒಂದು ಭಾಗ ಇರಬೇಕು. ಶೆಲ್ಫಿನಲ್ಲಿರುವ ನನ್ನ ಬೇರೆ ಕಾರುಗಳೆಲ್ಲ 1/25. ಇದನ್ನೆಲ್ಲ ಅವನಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ.

ಅವನ ಉತ್ತರ ಇದು: “ಅದೇ ಸರ್ ಇದು, ಫ್ಲಾಟ್‌ಹೆಡ್ಡೇ. ಅರವತ್ತರ ದಶಕದ ಒರಿಜಿನಲ್ ಪೀಸು. ಇನ್ನೊಬ್ರು ಬೆಳಗ್ಗೆಯಿಂದ ಕೇಳ್ತಾನೇ ಇದಾರೆ. ನೀವು ನಮ್ಮೋರು ಅಂತ ನಿಮಗೆ ಮೊದಲು ಹೇಳ್ತಿದೀನಿ.”

ನಮ್ಮೋರು!

ಡಬ್ಬ ಬಂತು. ಡಬ್ಬ ಅಸಲಿ, ಅದರಲ್ಲಿ ಅನುಮಾನವಿಲ್ಲ. ಮೂಲೆ ಸವೆದಿತ್ತು, ಬಣ್ಣ ಸ್ವಲ್ಪ ಮಾಸಿತ್ತು, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿತ್ತು. ಆ ಹಾಳೆಯನ್ನು ಯಾರು ಬೇಕಾದರೂ ತಂದು, ಹೇರ್ ಡ್ರೈಯರ್ ಹಿಡಿದು ಬಿಗಿ ಮಾಡಬಹುದು ಅಂತ ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ನಾನು ನಮ್ಮ ಮಾಡೆಲ್ ಗುಂಪಿಗೆಲ್ಲ ಫೋಟೋ ಕಳಿಸಿ ಆಗಿತ್ತು. ‘ಲಕ್ಕಿ ಗುರು ನೀನು’ ಅಂದರು. ಒಬ್ಬರಂತೂ ಬಿಚ್ಚಲೇಬೇಡಿ, ಹಾಗೇ ಇಟ್ಟುಕೊಳ್ಳಿ ಅಂದರು. ಈಗ ಆ ಗುಂಪಿನಲ್ಲಿ ಒಂದು ಮೆಸೇಜ್ ಹಾಕುವುದಕ್ಕೂ ನಾಚಿಕೆ.

ಒಳಗೆ ಬಾಡಿ ಬಿಡಿಯಾಗಿತ್ತು. ಈ ಕಿಟ್‌ಗಳಲ್ಲಿ ಬಾಡಿ ಸಾಮಾನ್ಯವಾಗಿ ಬಿಡಿಯಾಗಿಯೇ ಬರುತ್ತದೆ, ಸ್ಪ್ರೂಗೆ (ಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಚೌಕಟ್ಟಿಗೆ) ಅಂಟಿಕೊಂಡಿರುವುದಿಲ್ಲ. ಟೈರುಗಳು ಚಕ್ರದ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡು, ಅಲ್ಲಲ್ಲಿ ಕರಗಿಸಿಬಿಟ್ಟಿದ್ದವು. ಹಳೇ ವಿನೈಲ್ ಟೈರಿನ ಹಣೆಬರಹವೇ ಅದು. ವಿನೈಲನ್ನು ಮೆತ್ತಗೆ ಇಡಲು ಹಾಕಿರುವ ರಾಸಾಯನಿಕ ವರ್ಷಗಟ್ಟಲೆ ಒಸರಿ ಪಕ್ಕದ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಅಂದರೆ ಟೈರು ನಿಜವಾಗಿಯೂ ಹಳೆಯದು. ಮಾರಿದವನ ಬುದ್ಧಿ ನೋಡಿ. ಒಂದೆರಡು ಅಸಲಿ ಹಳೇ ಸಾಮಾನು ಮೇಲೆ ಕಾಣುವ ಹಾಗೆ ಇಟ್ಟು, ಉಳಿದದ್ದೆಲ್ಲ ಕೆಳಗೆ ತುರುಕಿದ್ದಾನೆ.

ಮೋಸ ಬಯಲಾಗಿದ್ದು ಅಂಟು ಹಚ್ಚುವಾಗ. ಪ್ಲಾಸ್ಟಿಕ್ ಮಾಡೆಲ್‌ಗೆ ಹಾಕುವ ತೆಳು ಸಿಮೆಂಟ್ ಗೊತ್ತಲ್ಲ, ಅದು ಅಂಟಿಸುವುದಿಲ್ಲ, ಕಿಟ್‌ನ ಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ಭಾಗವನ್ನು ಬೆಸೆಯುತ್ತದೆ. ಬಾಡಿಯ ಒಳಗೆ ಡ್ಯಾಶ್‌ಬೋರ್ಡ್ ಇಟ್ಟು, ಬ್ರಶ್‌ನಿಂದ ಸಿಮೆಂಟ್ ಹರಿಸಿ, ಹಿಡಿದುಕೊಂಡೆ. ಕೈ ಬಿಟ್ಟೆ, ಬಿತ್ತು. ಮತ್ತೆ ಹಚ್ಚಿದೆ. ಜಾಸ್ತಿ ಹೊತ್ತು ಹಿಡಿದೆ. ಮತ್ತೆ ಬಿತ್ತು. ಸಿಮೆಂಟ್ ಹಳೆಯದಾಗಿದೆಯೇನೋ ಅಂತ ಹೊಸ ಬಾಟಲಿ ತೆರೆದೆ. ಅದಕ್ಕೂ ಬಿತ್ತು. ಡ್ಯಾಶ್‌ಬೋರ್ಡಿನ ಅಂಚು ಕರಗಿ ಮೆತ್ತಗಾಗಿದೆ, ಬಾಡಿಗೆ ಮಾತ್ರ ಏನೂ ಆಗಿಲ್ಲ, ಒರೆಸಿದರೆ ಹೊಳೆಯುತ್ತಿದೆ. ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಬಾಡಿಯ ಕೆಳ ಅಂಚನ್ನು ಉಪ್ಪು ಕಾಗದದಿಂದ ಉಜ್ಜಿದೆ. ಸೂಜಿ ಮೊನೆಯಷ್ಟು ಸಣ್ಣ ತೂತುಗಳು, ಸಾಲು ಸಾಲಾಗಿ. ಗಾಳಿ ಗುಳ್ಳೆ. ರೆಸಿನ್! ಅಚ್ಚಿಗೆ ಸುರಿದು ಗಟ್ಟಿ ಮಾಡುವ ದ್ರವ ಅದು, ಈ ಸಿಮೆಂಟ್‌ಗೆ ಕರಗುವುದಿಲ್ಲ.

ಯಾರೋ ಅಸಲಿ ಬಾಡಿಯ ಮೇಲೆ ಸಿಲಿಕೋನ್ ಅಚ್ಚು ತೆಗೆದು, ಅದಕ್ಕೆ ರೆಸಿನ್ ಸುರಿದು ಮಾಡಿದ ನಕಲು. ರೆಸಿನ್ ಕೆಟ್ಟದ್ದು ಅಂತಲ್ಲ. ರೆಸಿನ್ ಅಂತ ಹೇಳಿ ಮಾರುವ ಒಳ್ಳೆಯವರು ಎಷ್ಟೋ ಜನ ಇದ್ದಾರೆ, ಅವರ ಕೆಲಸಕ್ಕೆ ಕೈ ಮುಗಿಯಬೇಕು. ಇವನು ಹೇಳಿದ್ದು ಅರವತ್ತರ ದಶಕದ ಒರಿಜಿನಲ್ ಪೀಸು ಅಂತ.

ಆಮೇಲೆ ಒಂದೊಂದೇ ಹೊರಗೆ ಬಂತು. ಬಾಡಿ ಛಾಸಿಯ (ಕಾರಿನ ಕೆಳಗಿನ ಚೌಕಟ್ಟಿನ) ಮೇಲೆ ಕೂರಲೇ ಇಲ್ಲ. ಹಿಂದಿನ ಚಕ್ರ ಬಾಡಿಯಲ್ಲಿರುವ ಜಾಗಕ್ಕಿಂತ ಹಿಂದೆ ಹೋಗುತ್ತಿತ್ತು. ವರ್ನಿಯರ್ ತೆಗೆದೆ. 1932ರ ಫೋರ್ಡ್‌ನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 106 ಇಂಚು. 1/25ಕ್ಕೆ ಇಳಿಸಿದರೆ 107.7 ಮಿಲಿಮೀಟರ್ ಬರಬೇಕು. ಛಾಸಿಯಲ್ಲಿ ಬಂದದ್ದು 112. ಅದು 1/24ರ ಲೆಕ್ಕ. ನಾಲ್ಕೂವರೆ ಮಿಲಿಮೀಟರ್ ಅಷ್ಟೇ ಅಲ್ವಾ ಅನ್ನಬೇಡಿ, ನಿಜವಾದ ಕಾರಿನಲ್ಲಿ ಅದು 11 ಸೆಂಟಿಮೀಟರ್. ಡಬ್ಬದ ಮೇಲೆ ದೊಡ್ಡದಾಗಿ 1/25 ಅಂತ ಇದೆ. ಛಾಸಿಯ ಅಡಿಯಲ್ಲಿ ಕಂಪನಿ ಹೆಸರು ಇರಬೇಕಾದ ಜಾಗವನ್ನು ಬ್ಲೇಡಿನಿಂದ ಕೆರೆದಿದ್ದಾರೆ. ಕೆರೆದಿದ್ದಾರೆ ಅಂದರೆ ಗೊತ್ತಿದ್ದೇ ಮಾಡಿದ್ದಾರೆ ಅಂತಲೇ ಅರ್ಥ.

ಎಂಜಿನ್ ಕಥೆ ಇನ್ನೂ ಚೆಂದ. ಫೋಟೋದಲ್ಲಿ ತೋರಿಸಿದ್ದು ಫ್ಲಾಟ್‌ಹೆಡ್. ಪೊಟ್ಟಣದಲ್ಲಿ ಬಂದದ್ದು ಸ್ಮಾಲ್ ಬ್ಲಾಕ್, ಷೆವ್ರೊಲೆ ಕಂಪನಿಯ ಬೇರೆಯದೇ ವಿ8 ಎಂಜಿನ್. ಆ ಎಂಜಿನ್ ಹುಟ್ಟಿದ್ದೇ 1955ರಲ್ಲಿ. ಆಮೇಲೆ ಹಾಟ್ ರಾಡ್‌ನವರು ಅದನ್ನು ಬೇಕಾದಷ್ಟು ಕಾರುಗಳಿಗೆ ಹಾಕಿದರು, ಸರಿ. ನನಗೆ ಬೇಕಾಗಿದ್ದು ಅದಲ್ಲ, ಅವನು ಒಪ್ಪಿಕೊಂಡಿದ್ದೂ ಅದಲ್ಲ.

ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜ್‌ನಲ್ಲಿ ಶುರುವಾಯಿತು ನೋಡಿ. ಒಂದಕ್ಷರ ಸೇರಿಸದೆ ಹಾಕುತ್ತಿದ್ದೇನೆ.

“ಸರ್, ವಿಂಟೇಜ್ ಅಂದ್ಮೇಲೆ ಸ್ವಲ್ಪ ಹಂಗೇ ಇರುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.”

ರೆಸಿನ್ ಬಗ್ಗೆ ಕೇಳಿದೆ. “ರೆಸಿನ್ ಇನ್ನೂ ಕಾಸ್ಟ್ಲಿ ಸರ್. ನಿಮಗೇ ಲಾಭ.”

ವರ್ನಿಯರ್ ಇಟ್ಟ ಫೋಟೋ ಕಳಿಸಿದೆ. “ಅಳತೆ ಹಿಡ್ಕೊಂಡು ಆಟಿಕೆ ತಗೊಳ್ಳೋರು ಯಾರ್ ಸರ್?” ದುಡ್ಡು ಕೇಳುವಾಗ ಒರಿಜಿನಲ್ ಪೀಸು, ದುಡ್ಡು ಜೇಬಿಗೆ ಬಿದ್ದ ಮೇಲೆ ಆಟಿಕೆ!

ಎಂಜಿನ್ ಬಗ್ಗೆ ಕೇಳಿದ್ದಕ್ಕೆ ಅವನು ಬರೆದದ್ದನ್ನು ಎಷ್ಟು ಸಲ ಓದಿದರೂ ನಂಬಲಾಗುತ್ತಿಲ್ಲ: “ಎಂಜಿನ್ ಬಾನೆಟ್ ಒಳಗೆ ಹೋಗುತ್ತಲ್ಲ ಸರ್, ಯಾರು ನೋಡ್ತಾರೆ?” ಅಯ್ಯಾ, ಹಾಟ್ ರಾಡ್ ಕಟ್ಟುವವರು ಬಾನೆಟ್ ಬಿಚ್ಚಿಡುವುದೇ ಎಂಜಿನ್ ಕಾಣಲಿ ಅಂತ! ಇದೂ ಗೊತ್ತಿಲ್ಲದವನು ನನಗೆ ಹಾಟ್ ರಾಡ್ ಬಗ್ಗೆ ಪಾಠ ಮಾಡಿ ಮಾರಿದ್ದಾನೆ.

ದುಡ್ಡು ವಾಪಸ್ ಕೇಳಿದೆ. “ಅನ್‌ಬಾಕ್ಸಿಂಗ್ ವಿಡಿಯೋ ಇದ್ಯಾ? ಸೀಲ್ ಒಡೆದಿದ್ದು ನೀವು. ಒಳಗಿನ ಮಾಲು ನೀವೇ ಬದಲಾಯಿಸಿಲ್ಲ ಅಂತ ಏನ್ ಗ್ಯಾರಂಟಿ?” ಅಂದರೆ ಈಗ ಕಳ್ಳ ನಾನು. ಸೈಬರ್ ದೂರಿನ 1930 ನಂಬರಿಗೆ ಫೋನ್ ಮಾಡುತ್ತೇನೆ ಅಂದೆ. “ಮಾಡಿ ಸರ್. ಡಬ್ಬ ತಲುಪಿದ ದಿನ ನೀವೇ ಸೂಪರ್ ಅಂತ ಮೆಸೇಜ್ ಹಾಕಿದೀರಿ, ಅದನ್ನೂ ತೋರಿಸಿ.” ಆಮೇಲೆ ಬ್ಲಾಕ್. ದೂರು ಕೊಟ್ಟಿದ್ದೇನೆ, ಏನಾಗುತ್ತದೋ ನೋಡೋಣ.

ಕೊಳ್ಳುವವರಿಗೆ ಹೇಳುವುದು ಇಷ್ಟು. ಡಬ್ಬದ ಫೋಟೋ ಬೇಡ. ಛಾಸಿಯ ಅಡಿ ಭಾಗದ ಫೋಟೋ ಕೇಳಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಕಳಿಸಲಿ. ಸ್ಪ್ರೂ ಎಲ್ಲ ಹೊರಗೆ ಹರಡಿ ತೋರಿಸಲಿ. ಸೀಲ್ ಒಡೆಯಲ್ಲ ಅಂದರೆ ಬಿಟ್ಟುಬಿಡಿ, ಆ ಸೀಲ್ ಅವನೇ ಹಾಕಿರುತ್ತಾನೆ. ಹಳೇ ಅಚ್ಚಿನಿಂದಲೇ ಕಂಪನಿಗಳು ಮತ್ತೆ ಮತ್ತೆ ಕಿಟ್ ಹೊರತರುತ್ತವೆ. ಕಟ್ಟುವುದಕ್ಕೆ ಅದೇ ಸಾಕು, ಬೆಲೆಯೂ ಕಡಿಮೆ, ಹಳೇ ಡಬ್ಬದ ಆಸೆ ಸುಮ್ನೆ. ಮತ್ತೆ, ‘ಇನ್ನೊಬ್ರು ಕೇಳ್ತಿದಾರೆ’ ಅಂದರೆ ಅವರಿಗೇ ಕೊಡಪ್ಪ ಅನ್ನಿ. ‘ನಮ್ಮೋರು’ ಅಂದರೆ ಫೋನ್ ಇಟ್ಟುಬಿಡಿ.

ಬಾಡಿ ಈಗಲೂ ನನ್ನ ಟೇಬಲ್ ಮೇಲಿದೆ. ಇಪಾಕ್ಸಿಯಿಂದ ಅಂಟಿಸಬಹುದು, ಮನಸ್ಸಿಲ್ಲ. 1/24ರಲ್ಲಿ ಕಟ್ಟುವವರಿಗೆ ಛಾಸಿಯೂ ಷೆವ್ರೊಲೆ ಎಂಜಿನ್ನೂ ಬೇಕಿದ್ದರೆ ಕೇಳಿ, ಕೊರಿಯರ್ ಖರ್ಚು ಕೊಟ್ಟರೆ ಸಾಕು. ರೆಸಿನ್ ಬಾಡಿಯನ್ನೂ ಕೊಡುತ್ತೇನೆ, ಪೊಟ್ಟಣದ ಮೇಲೆ ರೆಸಿನ್ ಅಂತ ಬರೆದೇ ಕೊಡುತ್ತೇನೆ. ಟೈರು ಮಾತ್ರ ಕೇಳಬೇಡಿ. 9,500ಕ್ಕೆ ಬಂದ ಅಸಲಿ ಸಾಮಾನು ಆ ನಾಲ್ಕೇ.