ಕಮಿನೊ ನಡಿಗೆಗೆ ಮುಂಚಿನ ರಾತ್ರಿಗಳು: ಯಾರ ಮನೆಯಲ್ಲಿ ಉಳಿಯುವುದು?

ಫ್ರಾನ್ಸಿನ ಸಾಂ ಜಾಂ ಪಿಯೆ ದ ಪೋರ್‌ನಿಂದ ಹೊರಟು ಸ್ಪೇನಿನ ಸಾಂಟಿಯಾಗೊ ತನಕ ಸುಮಾರು 780 ಕಿ.ಮೀ. ನಡೆಯುವ ಕಮಿನೊ ಯಾತ್ರೆಯ ಕಠಿಣ ದಿನಗಳಲ್ಲಿ ಮೊದಲನೆಯದೂ ಒಂದು. ಹೊರಡುವ ಊರು ಸುಮಾರು 170 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಿರೆನೀಸ್ ಪರ್ವತ ಏರಿ, 1,400 ಮೀಟರ್ ದಾಟಿ ರೊನ್ಸೆಸ್ವಾಯೆಸ್‌ಗೆ ಇಳಿಯಬೇಕು. ಒಟ್ಟು 25 ಕಿ.ಮೀ. ವಿಮಾನದ ಆಯಾಸ ಕಳೆಯದೆ, ಸರಿಯಾಗಿ ಉಣ್ಣದೆ ಈ ಏರು ಹಿಡಿಯುವುದು ಬೇಡ. ಆದ್ದರಿಂದ ನಡಿಗೆಗೆ ಮುಂಚಿನ ಎರಡು ಮೂರು ರಾತ್ರಿ ಎಲ್ಲಿ, ಯಾರ ಜೊತೆ ಕಳೆಯುತ್ತೀರಿ ಎಂಬುದು ಬೂಟಿನ ಆಯ್ಕೆಯಷ್ಟೇ ಮುಖ್ಯ.

ಸ್ಥಳೀಯರೊಡನೆ ಉಳಿಯಲು ಮೂರು ದಾರಿಗಳಿವೆ: ಮನೆಯವರು ಹಣ ಪಡೆಯದೆ ಉಳಿಸಿಕೊಳ್ಳುವ ಆತಿಥ್ಯ ಜಾಲಗಳು, ಶಾಂಬ್ರ್ ದೋತ್ ಎಂಬ ಬಾಡಿಗೆ ಕೋಣೆಯ ಮನೆಗಳು, ಯಾತ್ರಿಗಳಿಗಾಗಿಯೇ ಬಾಗಿಲು ತೆರೆದ ಕಾಣಿಕೆ ತಂಗುದಾಣಗಳು. ಮೂರನ್ನೂ ಬಳಸಿ ನೋಡಿದ ಮೇಲೆ ನಾವು ಹೇಳುವುದಿಷ್ಟು: ಮೊದಲ ಎರಡು ರಾತ್ರಿಗೆ ಜಾಲದ ಮನೆ, ಹೊರಡುವ ಹಿಂದಿನ ರಾತ್ರಿಗೆ ಯಾತ್ರಿ ತಂಗುದಾಣ. ಇದನ್ನು ತಿರುಗುಮುರುಗು ಮಾಡಿದರೆ ಎರಡರ ಸುಖವೂ ಕೈತಪ್ಪುತ್ತದೆ.

ಜಾಲಗಳಲ್ಲೂ ಒಂದಕ್ಕೂ ಇನ್ನೊಂದಕ್ಕೂ ದೂರ ಬಹಳ. 1949ರಲ್ಲಿ ಶಾಂತಿ ಚಳವಳಿಯಾಗಿ ಹುಟ್ಟಿದ ಸರ್ವಾಸ್‌ನಲ್ಲಿ ಸದಸ್ಯರಾಗಲು ಸಂದರ್ಶನವಿದೆ, ಪರಿಚಯಪತ್ರ ಬೇಕು, ವಾಸ್ತವ್ಯ ಸಾಮಾನ್ಯವಾಗಿ ಎರಡು ರಾತ್ರಿ. ಸಿದ್ಧತೆಗೆ ವಾರಗಳೇ ಹಿಡಿಯಬಹುದು; ಆದರೆ ಎರಡೂ ಕಡೆಯವರು ಪರೀಕ್ಷೆಗೆ ಒಳಗಾದವರು ಎಂಬ ನೆಮ್ಮದಿ ಸಿಗುತ್ತದೆ. ಮೊದಲ ಬಾರಿ ಹೋಗುವವರಿಗೆ ನಮ್ಮ ಆಯ್ಕೆ ಇದೇ. ಬಿವೆಲ್ಕಮ್ ಸ್ವಯಂಸೇವಕರು ನಡೆಸುವ, ಶುಲ್ಕವಿಲ್ಲದ ಜಾಲ. ಕೌಚ್‌ಸರ್ಫಿಂಗ್ ಅದಕ್ಕಿಂತ ದೊಡ್ಡದು. 2020ರಿಂದ ಸದಸ್ಯತ್ವಕ್ಕೆ ಹಣ ಕೇಳುತ್ತದೆ. ಪ್ರೊಫೈಲುಗಳು ರಾಶಿ ಇದ್ದರೂ ಎಷ್ಟೋ ಮಂದಿ ಉತ್ತರಿಸುವುದೇ ಇಲ್ಲ. ಇಲ್ಲಿ ಹಿಂದಿನ ಅತಿಥಿಗಳ ಅಭಿಪ್ರಾಯಗಳನ್ನು ಒಂದೂ ಬಿಡದೆ ಓದಬೇಕು. ಒಂಟಿಯಾಗಿ ಹೋಗುವ ಹೆಂಗಸರು ಹೆಂಗಸರೇ ಬರೆದ ಅಭಿಪ್ರಾಯಗಳಿರುವ ಮನೆಯನ್ನೇ ಆರಿಸಿ, ವಿಳಾಸವನ್ನು ಮನೆಯವರಿಗೆ ಕಳಿಸಿ, ಹತ್ತಿರದಲ್ಲೊಂದು ಹಾಸ್ಟೆಲ್ ನೋಡಿಟ್ಟುಕೊಂಡಿರುವುದು ಲೇಸು.

ಮನವಿ ಪತ್ರದಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಮೂರು ನಾಲ್ಕು ವಾರ ಮುಂಚೆ ಬರೆಯಿರಿ. ಬರುವ ದಿನ, ರೈಲು ತಲುಪುವ ಸಮಯ, ಎಷ್ಟು ರಾತ್ರಿ, ಹೊರಡುವ ಹೊತ್ತು, ಏನು ಉಣ್ಣುತ್ತೀರಿ, ಬಟ್ಟೆ ಒಗೆಯಬೇಕೇ ಎಂಬುದೆಲ್ಲ ಅದರಲ್ಲಿರಲಿ. ಅವರ ಪರಿಚಯ ಓದಿದ್ದೀರಿ ಎಂದು ತೋರಿಸುವ ಒಂದು ಸಾಲಾದರೂ ಬೇಕು. ಒಂದೇ ಪತ್ರವನ್ನು ಇಪ್ಪತ್ತು ಜನರಿಗೆ ಕಳಿಸಿದರೆ ಅದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಮೂವರಿಗೆ ಬರೆದು, ಒಬ್ಬರು ಒಪ್ಪಿದ ಕೂಡಲೇ ಉಳಿದಿಬ್ಬರಿಗೆ ತಿಳಿಸಿ. ಎರಡು ದಿನ ಮುಂಚೆ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ.

ಈ ಮನೆಗಳಲ್ಲಿ ಹಣ ಕೊಡುವುದಿಲ್ಲ, ಹೊತ್ತು ಕೊಡುತ್ತೀರಿ. ಸಂಜೆಯ ಊಟ, ಮಾತು, ಪಾತ್ರೆ ತೊಳೆಯುವುದರಲ್ಲಿ ಸೇರಿಕೊಳ್ಳುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎಡವುವುದೂ ಇಲ್ಲೇ. ಸ್ಪೇನಿನಲ್ಲಿ ರಾತ್ರಿಯೂಟ ಒಂಬತ್ತು ದಾಟುವುದು ಮಾಮೂಲು. ಹರಟೆ ಮುಗಿಯುವಾಗ ಹನ್ನೊಂದೂವರೆ. ಮರುದಿನ ರಜೆಯಿದ್ದರೆ ಇದು ಹಬ್ಬ, ಬೆಟ್ಟ ಹತ್ತುವುದಿದ್ದರೆ ಶಿಕ್ಷೆ. ಮನೆ ಊರಾಚೆ ಇರುವುದು, ಹಗಲಲ್ಲಿ ಬೀಗದ ಕೈ ಸಿಗದಿರುವುದು ಇನ್ನೆರಡು ತೊಡಕುಗಳು. ಹೋಗುವ ಮುಂಚೆಯೇ ಕೇಳಿಬಿಡಿ. ಫ್ರಾನ್ಸಿನ ಬಾಯೊನ್‌ನಂಥ ಪಟ್ಟಣದಲ್ಲಿ ಉಳಿದರೆ ಎಲ್ಲ ಸುಲಭ: ಸಿಮ್, ಔಷಧ, ಮರೆತ ಸಾಮಾನು ಎಲ್ಲ ಅಲ್ಲೇ ಸಿಗುತ್ತವೆ. ಸಾಂ ಜಾಂಗೆ ರೈಲಿನಲ್ಲಿ ಒಂದು ಗಂಟೆಯಷ್ಟೇ, ಆದರೆ ದಿನಕ್ಕೆ ಕೆಲವೇ ರೈಲುಗಳು.

ಶಾಂಬ್ರ್ ದೋತ್‌ನ ಚೌಕಟ್ಟನ್ನು ಫ್ರೆಂಚ್ ಕಾನೂನೇ ಹಾಕಿದೆ: ಹೆಚ್ಚೆಂದರೆ ಐದು ಕೋಣೆ, 15 ಜನ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರಬೇಕು. ರಾತ್ರಿಯೂಟ ಬೇಕಿದ್ದರೆ ಮುಂಚೆಯೇ ಹೇಳಿಡಬೇಕು. ಮನೆಯವರ ಜೊತೆ ಒಂದೇ ಮೇಜು, ಎಲ್ಲರಿಗೂ ಒಂದೇ ಅಡುಗೆ. ಸ್ವಂತ ಬಾಗಿಲು, ಒಳ್ಳೆಯ ಹಾಸಿಗೆ, ಬೇಕಾದಾಗ ಮಲಗುವ ಸ್ವಾತಂತ್ರ್ಯ: ನಿದ್ದೆಯ ಮಟ್ಟಿಗೆ ಇದನ್ನು ಮೀರಿದ್ದಿಲ್ಲ. ಕೊರತೆ ಎಂದರೆ ತಿಂಡಿ ಎಂಟಕ್ಕೆ, ನೀವು ಹೊರಡಬೇಕಾದದ್ದು ಆರೂವರೆಗೆ. ಫ್ಲಾಸ್ಕಿನಲ್ಲಿ ಕಾಫಿ, ತಟ್ಟೆಯಲ್ಲಿ ಬ್ರೆಡ್ಡು ಇಟ್ಟಿರಲು ಹಿಂದಿನ ಸಂಜೆಯೇ ಕೇಳಿಕೊಳ್ಳಿ. ಸಣ್ಣ ಮನೆಗಳಲ್ಲಿ ಕಾರ್ಡ್ ನಡೆಯದಿರಬಹುದು, ನಗದು ಇರಲಿ. ಪ್ರವಾಸಿ ತೆರಿಗೆ ಬೇರೆ ಸೇರುತ್ತದೆ.

ವೀಸಾ ಬೇಕಾದವರಿಗೆ ಈ ಬಾಡಿಗೆ ಮನೆಗಳಿಂದ ಇನ್ನೊಂದು ಉಪಕಾರವಿದೆ. ಷೆಂಗೆನ್ (ಫ್ರಾನ್ಸ್, ಸ್ಪೇನ್ ಸೇರಿ ಹಲವು ಐರೋಪ್ಯ ದೇಶಗಳಿಗೆ ಒಂದೇ ವೀಸಾ) ಅರ್ಜಿಯಲ್ಲಿ ವಾಸ್ತವ್ಯದ ಪುರಾವೆ ತೋರಿಸಬೇಕು, ಕಾಯ್ದಿರಿಸಿದ ಪತ್ರ ಸಾಕು. ಖಾಸಗಿ ಮನೆಯೆಂದರೆ ಫ್ರಾನ್ಸಿನಲ್ಲಿ ಆತಿಥೇಯರು ಪುರಭವನಕ್ಕೆ ಹೋಗಿ, ದಾಖಲೆ ಕೊಟ್ಟು, ಶುಲ್ಕ ಕಟ್ಟಿ ಅಧಿಕೃತ ಸ್ವಾಗತಪತ್ರ ಪಡೆಯಬೇಕು. ಸ್ಪೇನಿನಲ್ಲಿ ಪೊಲೀಸರಿಂದ ಆಹ್ವಾನಪತ್ರ. ಎರಡು ರಾತ್ರಿಗಾಗಿ ಅಪರಿಚಿತರನ್ನು ಇಷ್ಟು ಓಡಾಡಿಸುವುದು ತರವಲ್ಲ. ಜಾಲದ ಮನೆಯನ್ನೇ ನೆಚ್ಚಿಕೊಂಡಿದ್ದರೆ ಈ ಮಾತನ್ನು ಮೊದಲ ಪತ್ರದಲ್ಲೇ ಎತ್ತಿ, ಇಲ್ಲವೇ ಆ ರಾತ್ರಿಗಳಿಗೂ ಬಾಡಿಗೆ ಕೋಣೆಯನ್ನೇ ಹಿಡಿಯಿರಿ.

ಯಾತ್ರಿ ತಂಗುದಾಣಕ್ಕೆ ಕ್ರೆದೆನ್ಸಿಯಾಲ್ ಎಂಬ ಯಾತ್ರಿ ಪುಸ್ತಿಕೆ ಬೇಕು. ಸಾಂ ಜಾಂನಲ್ಲಿ ಸಿತಾದೆಲ್ ಬೀದಿಯ ಯಾತ್ರಿ ಕಚೇರಿಯಲ್ಲಿ ಕೆಲವೇ ಯೂರೋಗೆ ಸಿಗುತ್ತದೆ, ಮರುದಿನದ ಹವಾಮಾನವನ್ನೂ ಅಲ್ಲಿನ ಸ್ವಯಂಸೇವಕರು ಹೇಳುತ್ತಾರೆ. ತಂಗುದಾಣಗಳಲ್ಲಿ ಸಾಮಾನ್ಯವಾಗಿ ಒಂದೇ ರಾತ್ರಿ, ಹತ್ತಕ್ಕೆ ದೀಪ ಆರುತ್ತದೆ, ಎಂಟರೊಳಗೆ ಖಾಲಿ ಮಾಡಬೇಕು. ಗೊರಕೆಗೆ ಕಿವಿಬಿರಡೆ ಬೇಕೇ ಬೇಕು. ಕೋಣೆ ಸಾಧಾರಣವಾದರೂ ಹೊರಡುವ ಮುಂಚಿನ ರಾತ್ರಿಗೆ ಇದನ್ನೇ ಆರಿಸುತ್ತೇವೆ, ಏಕೆಂದರೆ ಮನೆಯ ಗಡಿಯಾರವೇ ನಡೆಯುವವರಿಗೆ ಹೊಂದಿಕೊಂಡಿದೆ: ಊಟ ಬೇಗ, ತಿಂಡಿ ನಸುಕಿಗೆ. ಕಾಣಿಕೆ ಪೆಟ್ಟಿಗೆ ಇರುವಲ್ಲಿ ಪುಕ್ಕಟೆ ಎಂದು ತಿಳಿಯಬಾರದು; ಅಕ್ಕಪಕ್ಕದ ತಂಗುದಾಣದಲ್ಲಿ ಹಾಸಿಗೆ, ಊಟಕ್ಕೆ ಎಷ್ಟಾಗುತ್ತದೋ ಅಷ್ಟಾದರೂ ಹಾಕಿ. ನಾಳೆ ಬರುವವರ ಬೇಳೆ ಬೇಯುವುದು ಆ ಹಣದಿಂದಲೇ.

ಸಸ್ಯಾಹಾರಿಗಳು ಮೂರೂ ಕಡೆ ಒಂದೊಂದನ್ನೂ ಬಿಡಿಸಿ ಹೇಳಬೇಕು: ಮಾಂಸ, ಮೀನು, ಹ್ಯಾಮ್, ಮಾಂಸದ ಸಾರು ಬೇಡ, ಮೊಟ್ಟೆ ಆಗುತ್ತದೋ ಇಲ್ಲವೋ. ಬರೀ ಸಸ್ಯಾಹಾರಿ ಎಂದರೆ ಸಲಾಡಿನ ಮೇಲೆ ಟ್ಯೂನಾ ಬರುವುದುಂಟು. ಜಾಲದ ಮನೆಯವರು ವಾರ ಮುಂಚೆ ತಿಳಿದಿದ್ದರೆ ಪ್ರೀತಿಯಿಂದ ಹೊಂದಿಸುತ್ತಾರೆ. ತಂಗುದಾಣದ ದೊಡ್ಡ ಪಾತ್ರೆಯಲ್ಲಿ ಅದು ಕಷ್ಟ, ಒಂದು ಊಟಕ್ಕಾಗುವಷ್ಟು ಚೀಲದಲ್ಲಿರಲಿ.

ಏರು ಒಂದೇ ದಿನಕ್ಕೆ ಹೆಚ್ಚೆನಿಸಿದರೆ ಸಾಂ ಜಾಂನಿಂದ 8 ಕಿ.ಮೀ. ಮೇಲಿರುವ ಒರಿಸ್ಸೋಂನಲ್ಲಿ ತಂಗಬಹುದು. ಹಾಸಿಗೆ ಕಡಿಮೆ, ಬಹಳ ಮುಂಚೆ ಕಾಯ್ದಿರಿಸಬೇಕು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮೇಲಿನ ಹಾದಿ ಮುಚ್ಚಿರುತ್ತದೆ, ವಾಲ್‌ಕಾರ್ಲೋಸ್ ಕಣಿವೆಯ ಮೂಲಕವೇ ಹೋಗಬೇಕು. ಆ ತಿಂಗಳುಗಳಲ್ಲಿ ತಂಗುದಾಣಗಳೂ ಹಲವು ಮುಚ್ಚಿರುವುದರಿಂದ ಹಾಸಿಗೆ ಇದೆಯೇ ಎಂದು ಫೋನಿನಲ್ಲಿ ಕೇಳಿಯೇ ರೈಲು ಹತ್ತಿ.