ಎಂಜಿನ್ ತೊಳೆಸಿದ ಮೇಲೆ ಡೈನಮೋ ಶಬ್ದ: ಸ್ಕ್ರೂಡ್ರೈವರ್, ನೀರು, ಮೀಟರ್, ಬೆಲ್ಟ್ ಬಿಚ್ಚೋದು – ಯಾವುದನ್ನು ನಂಬಬೇಕು?

ಹೊಸ ಆಲ್ಟರ್ನೇಟರ್‌ಗೆ (ಬ್ಯಾಟರಿ ಚಾರ್ಜ್ ಮಾಡುವ ಭಾಗ, ಗ್ಯಾರೇಜಿನ ಮಾತಲ್ಲಿ ಡೈನಮೋ) ದುಡ್ಡು ಕೊಡುವ ಮೊದಲು ಅದನ್ನು ತಿರುಗಿಸುವ ಬೆಲ್ಟ್ ಒಮ್ಮೆ ಬಿಚ್ಚಿಸಿ ನೋಡಿ. ನಾಲ್ಕೂ ದಾರಿ ಹಿಡಿದು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮಲೆನಾಡಿನ ಮಳೆಗಾಲ ಕಳೆದ ಮೇಲೆ ಬಾನೆಟ್ ಒಳಗೆಲ್ಲ ಕೆಂಪು ಮಣ್ಣು ಮೆತ್ತಿತ್ತು. ವಾಟರ್ ವಾಶ್‌ನವರು ಜಿಡ್ಡು ಬಿಡಿಸುವ ಡಿಗ್ರೀಸರ್ ಹೊಡೆದು, ಪ್ರೆಶರ್ ನೀರಲ್ಲಿ ತೊಳೆದು, ಕೊನೆಗೆ ಹೊಳಪಿಗೆ ಅಂತ ಪಾಲಿಶ್ ಸ್ಪ್ರೇ ಕೂಡ ಹೊಡೆದು ಕೊಟ್ಟರು. ಆಮೇಲೆ ಸ್ಟಾರ್ಟ್ ಮಾಡಿದ ಕೂಡಲೇ ಕಿಯ್ಯ್ ಅಂತ ಕಿರುಚಾಟ, ಅದು ನಿಂತ ಮೇಲೂ ಸಣ್ಣಗೆ ಗರಗರ. ಗ್ಯಾರೇಜಿನಲ್ಲಿ ನಿಂತಲ್ಲೇ ಕೇಳಿ "ಡೈನಮೋ ಹೋಗಿದೆ" ಅಂದರು.

ಅವರ ಅನುಮಾನಕ್ಕೂ ಕಾರಣ ಇದೆ. ಆಲ್ಟರ್ನೇಟರ್‌ಗೆ ಗಾಳಿ ಆಡಲಿ ಅಂತ ಮೈತುಂಬ ಕಿಂಡಿಗಳಿರುತ್ತವೆ, ನೀರು ಒಳಗೆ ಹೋಗಿ ಕಾರ್ಬನ್ ಬ್ರಶ್ ಒದ್ದೆಯಾಗುತ್ತೆ, ಡಿಗ್ರೀಸರ್ ಸೇರಿದರೆ ಬೇರಿಂಗಿನ ಗ್ರೀಸೂ ಕರಗಬಹುದು. ಆದರೆ ಅದೇ ನೀರು ಬೆಲ್ಟ್ ಸುತ್ತುವ ಪಕ್ಕದ ಚಕ್ರಗಳಿಗೂ, ಅಂದರೆ ಪುಲ್ಲಿಗಳಿಗೂ ಬಿದ್ದಿರುತ್ತೆ ಅಲ್ವಾ? ಬರೀ ತೇವದ ಶಬ್ದವಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿದರೆ ಹೋಗುತ್ತೆ. ನಮ್ಮದು ಹೋಗಲಿಲ್ಲ.

ಉದ್ದ ಸ್ಕ್ರೂಡ್ರೈವರಿನ ತುದಿ ಡೈನಮೋ ಮೈಗೆ ಒತ್ತಿ ಹಿಡಿಗೆ ಕಿವಿ ಕೊಡೋದು ಹಳೆಯ ಮೇಸ್ತ್ರಿಗಳ ದಾರಿ. ಮೆಕ್ಯಾನಿಕ್ ಸ್ಟೆತಸ್ಕೋಪ್‌ನದೂ ಅದೇ ಕೆಲಸ, ಶಬ್ದ ಇನ್ನೂ ಸ್ಪಷ್ಟ. ಎರಡರಲ್ಲೂ ಗರಗರ ಜೋರಾಗೇ ಕೇಳಿಸಿತು. ಆದರೆ ತುದಿಯನ್ನು ಪಕ್ಕದ ಐಡ್ಲರ್ ಪುಲ್ಲಿಯ (ಬೆಲ್ಟಿಗೆ ದಾರಿ ಕೊಡೋದಷ್ಟೇ ಇದರ ಕೆಲಸ) ಬೋಲ್ಟಿನ ಮೇಲೆ ಇಟ್ಟರೂ ಹೆಚ್ಚುಕಮ್ಮಿ ಅದೇ ಶಬ್ದ. ಎರಡೂ ಒಂದೇ ಬ್ರಾಕೆಟ್‌ಗೆ ಕೂತಿವೆ, ಕಬ್ಬಿಣದಲ್ಲಿ ಶಬ್ದ ಹರಿದುಬಿಡುತ್ತೆ. ಯಾವ ಕಡೆಯಿಂದ ಅಂತ ಗೊತ್ತಾಗುತ್ತೆ, ಯಾವುದು ಅಂತ ಗೊತ್ತಾಗಲ್ಲ. ಓಡುವ ಬೆಲ್ಟಿನ ಪಕ್ಕ ತಲೆ ಬಗ್ಗಿಸೋದು ಅಪಾಯ ಕೂಡ. ಶಾಲು, ಸಡಿಲ ತೋಳು, ಬಿಚ್ಚಿದ ಕೂದಲು ಹತ್ತಿರಕ್ಕೂ ಬರಬಾರದು.

ಕಿರುಚಾಟಕ್ಕೆ ನೀರಿನ ಪರೀಕ್ಷೆಯೇ ಮೇಲು, ಖರ್ಚೂ ಇಲ್ಲ. ಎಂಜಿನ್ ಐಡಲ್‌ನಲ್ಲಿರುವಾಗ ಬೆಲ್ಟಿನ ಗೆರೆಗಳಿರುವ ಕಡೆ, ದೂರದಿಂದಲೇ, ಸ್ವಲ್ಪ ಬರೀ ನೀರು ಸ್ಪ್ರೇ ಮಾಡಬೇಕು. ಶಬ್ದ ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಅನ್ನೋ ಸೂಚನೆ. ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ನಮ್ಮದು ಜಾಸ್ತಿಯಾಯಿತು. ಬೆಲ್ಟಿನ ಗೆರೆ ನೋಡಿದರೆ ಪಾಲಿಶ್ ಹತ್ತಿ ಕನ್ನಡಿಯಂತೆ ಮಿನುಗುತ್ತಿತ್ತು. ಡಬ್ಲ್ಯೂಡಿ-40 ಅನ್ನೋ ಎಣ್ಣೆಯಂಥ ಸ್ಪ್ರೇ ಹೊಡೆದರೆ ಶಬ್ದ ನಿಲ್ಲುತ್ತೆ ಅಂತ ಕೆಲವರು ಹೇಳುತ್ತಾರೆ, ದಯವಿಟ್ಟು ಬೇಡ. ಆಗ ಸುಮ್ಮನಾಗುತ್ತೆ, ಆಮೇಲೆ ಬೆಲ್ಟ್ ಇನ್ನೂ ಜಾರುತ್ತೆ.

ಮಲ್ಟಿಮೀಟರ್ ಶಬ್ದದ ಜಾಗ ಹೇಳಲ್ಲ, ಚಾರ್ಜಿಂಗ್ ಸರಿಯಿದೆಯಾ ಅಂತ ಹೇಳುತ್ತೆ. ಎಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಗುಂಯ್ ಅನ್ನೋ ಶಬ್ದ ಹೆಡ್‌ಲೈಟ್, ಬ್ಲೋವರ್ ಹಾಕಿದಾಗ ಏರಿದರೆ ಡೈನಮೋ ಒಳಗಿನ ಡಯೋಡ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಮೇಲೆ ಅನುಮಾನ ಪಡಿ. ನಮ್ಮದರಲ್ಲಿ ಲೈಟ್ ಹಾಕಿದರೂ ಗರಗರ ಒಂದೇ ಸಮ, ವೋಲ್ಟೇಜೂ ಸರಿಯಿತ್ತು.

ಗುಟ್ಟು ಬಿಚ್ಚಿದ್ದು ಬೆಲ್ಟ್ ಬಿಚ್ಚಿದಾಗಲೇ. ಎಂಜಿನ್ ಆರಿಸಿ, ಕೀ ತೆಗೆದು, ಬೆಲ್ಟ್ ಯಾವ ಪುಲ್ಲಿ ಸುತ್ತಿ ಹೇಗೆ ಹೋಗಿದೆ ಅಂತ ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಬೆಲ್ಟ್ ಬಿಚ್ಚಿ, ಒಂದೊಂದೇ ಪುಲ್ಲಿ ಕೈಯಲ್ಲಿ ತಿರುಗಿಸಿ, ಅಲುಗಾಡಿಸಿ. ಡೈನಮೋ ನುಣ್ಣಗೆ ತಿರುಗಿತು. ಐಡ್ಲರ್ ತಿರುಗಿಸಿದರೆ ಒಳಗೆ ಮರಳು ಅರೆದ ಹಾಗೆ ಬೆರಳಿಗೇ ತಾಗುತ್ತಿತ್ತು. ಬೆಲ್ಟ್ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡಿಯೂ ಕೇಳಬಹುದು, ಆದರೆ ಕೆಲವೇ ಸೆಕೆಂಡು. ಎಷ್ಟೋ ಗಾಡಿಗಳಲ್ಲಿ ಎಂಜಿನ್ ತಂಪಾಗಿಡುವ ವಾಟರ್ ಪಂಪ್ ತಿರುಗೋದೂ ಅದೇ ಬೆಲ್ಟಿನಿಂದ.

ಐಡ್ಲರ್ ಪುಲ್ಲಿ, ಬೆಲ್ಟ್ ಎರಡನ್ನೂ ಬದಲಿಸಿದೆವು. ಡೈನಮೋ ಹಳೆಯದೇ ಇದೆ. ಡೈನಮೋವೇ ಗರಗರ ಅಂದಿದ್ದರೂ ಪೂರ್ತಿ ಹೊಸದು ಬೇಕಿರಲಿಲ್ಲ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿ ಎರಡು ಬೇರಿಂಗ್ ಹಾಕಿಸಬಹುದು. ಕೇಳಿ ನೋಡಿ, ಬಹಳ ಊರುಗಳಲ್ಲಿ ಈ ಕೆಲಸ ಈಗಲೂ ಮಾಡಿಕೊಡುತ್ತಾರೆ.