ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇ: ಕಡುಬಿಗೆ ಪೂರ್ಣ ಅಂಕ, ‘ಸ್ಕಾಟಿಷ್ ಸಂಜೆ’ಗೆ ಮರುಪರೀಕ್ಷೆ

ಸಕಲೇಶಪುರದಿಂದ ಮೂಡಿಗೆರೆಯ ಕಡೆಗೆ ಹೋಗುವಾಗ ಕಾಫಿ ತೋಟದೊಳಗೆ ಸಿಗುವ ಹಳೆಯ ಬಂಗಲೆ ಇದು. ಹೆಸರು ಬರೆಯುವುದಿಲ್ಲ. ದೂರುವುದಕ್ಕೆ ಒಂದಿಷ್ಟು ಇದೆ, ಮಾಲೀಕರಾದರೋ ಸಜ್ಜನರು. ತಲೆಗೆ 3,500 ರೂಪಾಯಿ. ಊಟ, ತಿಂಡಿ, ತೋಟದ ಸುತ್ತಾಟ, ಶನಿವಾರದ ‘ಸ್ಕಾಟಿಷ್ ಸಂಜೆ’ ಎಲ್ಲವೂ ಅದರಲ್ಲೇ ಸೇರಿದೆ. ಹಾಸನದಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನಿಗೆ ಮಗಳು ಇಂಥ ಜಾಗವನ್ನು ಕಾಯ್ದಿರಿಸಿ ಕೊಟ್ಟಳು. ಮುಂದೆ ಏನಾಯಿತೆಂದು ಊಹಿಸುವುದು ಕಷ್ಟವಲ್ಲ.

ಮೊದಲು ಅಡುಗೆಮನೆಯ ಮಾತು. ಅಕ್ಕಿ ಕಡುಬು ಬಟ್ಟಲಿನಲ್ಲಿ ಬಂದಾಗ ಹಬೆ ಇನ್ನೂ ಏಳುತ್ತಿತ್ತು. ಬೆರಳಿನಿಂದ ಒತ್ತಿದರೆ ಅಂಟದೆ ಬಿಡುತ್ತಿತ್ತು. ಜೊತೆಗೆ ಕೋಳಿಸಾರು, ಮಾಂಸ ತಿನ್ನದ ನನ್ನ ಹೆಂಡತಿಗೆ ಕಳಲೆ ಪಲ್ಯ. ಕಳಲೆಯನ್ನು ಸರಿಯಾಗಿ ನೆನೆಸಿ ಒಗರು ತೆಗೆದಿದ್ದರು. ಅಡುಗೆಯ ಹೆಂಗಸಿಗೆ ಎಷ್ಟು ಸಂಬಳ ಕೊಡುತ್ತಾರೋ ತಿಳಿಯದು, ಅದನ್ನು ಹೆಚ್ಚಿಸಬೇಕು. ಹಾಸಿಗೆ ಶುಚಿ. ಬಿಸಿನೀರು ಬೆಳಿಗ್ಗೆ ಎಂಟರೊಳಗೆ ಮಾತ್ರ.

ಇನ್ನು ಅಲಂಕಾರ. ಬಂಗಲೆಯನ್ನು ಕಟ್ಟಿಸಿದ್ದು ಯಾರೋ ಸ್ಕಾಟಿಷ್ ದೊರೆಯಂತೆ. ಆ ನೆಪದಲ್ಲಿ ಪರದೆ, ಮೇಜಿನ ಹಾಸು, ದಿಂಬಿನ ಚೀಲ ಎಲ್ಲಕ್ಕೂ ಕೆಂಪು ಹಸಿರು ಚೌಕಳಿಯ ಟಾರ್ಟನ್ ಬಟ್ಟೆ. ಊಟ ಬಡಿಸುವ ಹುಡುಗನಿಗೂ ಪ್ಯಾಂಟಿನ ಮೇಲೆ ಅದೇ ಬಟ್ಟೆಯ ಕಿಲ್ಟ್, ಅಂದರೆ ಸ್ಕಾಟಿಷ್ ಗಂಡಸರ ಮೊಣಕಾಲುದ್ದದ ಲಂಗ. ಪಾಪ, ಸಾರಿನ ಪಾತ್ರೆ ಹಿಡಿದಾಗಲೆಲ್ಲ ಇನ್ನೊಂದು ಕೈಯಲ್ಲಿ ಅದನ್ನು ಎಳೆದು ಸರಿಪಡಿಸಿಕೊಳ್ಳುತ್ತಿದ್ದ. ಧ್ವನಿಪೆಟ್ಟಿಗೆಯಲ್ಲಿ ಬ್ಯಾಗ್‌ಪೈಪ್. ಹಜಾರದಲ್ಲಿ ಒಂದು ಫಲಕ: ‘ಸಾವಿರಾರು ವರ್ಷಗಳಿಂದ ಪ್ರತಿ ಸ್ಕಾಟಿಷ್ ಕುಲಕ್ಕೂ ತನ್ನದೇ ಟಾರ್ಟನ್.’

ಇದನ್ನು ಓದಿ ಸುಮ್ಮನಿರುವುದು ನನ್ನಿಂದಾಗದು. ಚೌಕಳಿ ಬಟ್ಟೆ ಹಳೆಯದು, ನಿಜ. ಆದರೆ ಇಂಥ ಕುಲಕ್ಕೆ ಇಂಥದೇ ವಿನ್ಯಾಸ ಎಂಬ ಪಟ್ಟಿ ಸಿದ್ಧವಾದದ್ದು ಬಹುಮಟ್ಟಿಗೆ 19ನೆಯ ಶತಮಾನದಲ್ಲಿ. ಬ್ಯಾನಕ್‌ಬರ್ನ್‌ನ ವಿಲ್ಸನ್ ಎಂಬ ನೇಕಾರಿಕೆಯ ಮನೆತನ ಈ ವ್ಯಾಪಾರದಿಂದ ಚೆನ್ನಾಗಿ ಬೆಳೆಯಿತು. 1842ರಲ್ಲಿ ಇಬ್ಬರು ಸಹೋದರರು ಪ್ರಾಚೀನ ಹಸ್ತಪ್ರತಿ ಸಿಕ್ಕಿತೆಂದು ಕುಲವಾರು ಟಾರ್ಟನ್‌ಗಳ ಗ್ರಂಥವನ್ನೇ ಹೊರತಂದರು, ಅದು ನಕಲಿ. ಅದಕ್ಕೂ ಮೊದಲಿನ ಸ್ಥಿತಿ ಬೇರೆ. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯವರಾದ ಹೈಲ್ಯಾಂಡರುಗಳದು ಗೇಲಿಕ್ ಭಾಷೆ. ದಕ್ಷಿಣದ ಬಯಲುಸೀಮೆಯ ಅನೇಕ ಸ್ಕಾಟರು ಅವರನ್ನು ದನಗಳ್ಳರೆಂದು ಹೀಯಾಳಿಸುತ್ತಿದ್ದರು. 1746ರಲ್ಲಿ ಕಲೋಡನ್ ಯುದ್ಧದಲ್ಲಿ, ಬ್ರಿಟನ್ನಿನ ಸಿಂಹಾಸನ ತನ್ನ ಮನೆತನದ್ದೆಂದು ದಂಗೆಯೆದ್ದ ಸ್ಟುವರ್ಟ್ ರಾಜಕುಮಾರನ, ಬೆಟ್ಟದವರೇ ಹೆಚ್ಚಾಗಿದ್ದ ಪಕ್ಷ ಸೋತಾಗ ಗೆದ್ದ ಸರ್ಕಾರಿ ಸೈನ್ಯದಲ್ಲಿಯೂ ಸ್ಕಾಟರು ಇದ್ದರು. ಆಮೇಲೆ ಗಂಡಸರು ಹೈಲ್ಯಾಂಡ್ ಉಡುಪು ತೊಡಬಾರದೆಂದು ಕಾನೂನು ಬಂತು. ಸೈನ್ಯಕ್ಕೆ ಮಾತ್ರ ವಿನಾಯಿತಿ. ಆ ನಿಷೇಧ ತೆಗೆದದ್ದು 1782ರಲ್ಲಿ.

ನಾಲ್ಕು ದಶಕ ಕಳೆಯುವುದರೊಳಗೆ ಆಟವೇ ಬದಲಾಯಿತು. 1822ರ ಆಗಸ್ಟಿನಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದ. ಆಳುವ ದೊರೆಯೊಬ್ಬ ಸ್ಕಾಟ್ಲೆಂಡಿಗೆ ಕಾಲಿಟ್ಟು ಸುಮಾರು 170 ವರ್ಷಗಳಾಗಿದ್ದವು. ಉತ್ಸವದ ಸೂತ್ರಧಾರ ಕಾದಂಬರಿಕಾರ ವಾಲ್ಟರ್ ಸ್ಕಾಟ್. ಸ್ಥೂಲಕಾಯದ ದೊರೆ ಕಿಲ್ಟ್ ತೊಟ್ಟು, ಕಾಲು ಮುಚ್ಚಲು ಗುಲಾಬಿ ಬಣ್ಣದ ಬಿಗಿ ಉಡುಪು ಹಾಕಿ ನಿಂತ. ಬೆಟ್ಟದವರನ್ನು ಹಳಿಯುತ್ತಿದ್ದ ಬಯಲಿನ ಸಿರಿವಂತರು ಟಾರ್ಟನ್ ಹೊಲಿಸಿಕೊಳ್ಳಲು ಮುಗಿಬಿದ್ದರು. ಅದೇ ಕಾಲದಲ್ಲಿ ಬೆಟ್ಟಸೀಮೆಯ ಜಮೀನುದಾರರು ಕುರಿ ಸಾಕಣೆಗಾಗಿ ಒಕ್ಕಲುಗಳನ್ನು ಎಬ್ಬಿಸಿ ಕಳುಹಿಸುತ್ತಿದ್ದರು. ಆ ಜನ ಕೆನಡಾಕ್ಕೆ ಹಡಗು ಹತ್ತಿದರು, ಅವರ ಬಟ್ಟೆ ಎಡಿನ್‌ಬರೋದ ದರ್ಬಾರು ಹತ್ತಿತು. ಫಲಕದಲ್ಲಿ ಬರೆಯಬೇಕಾದದ್ದು ಈ ಕಥೆ.

ಊಟದ ಮೇಜಿನಲ್ಲೇ ಇದನ್ನೆಲ್ಲ ಹೇಳಿದೆ. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು. ಮಾಲೀಕರು ಮಾತ್ರ ಬೇಸರಿಸಿಕೊಳ್ಳದೆ ಕುರ್ಚಿ ಎಳೆದುಕೊಂಡು ಕುಳಿತರು. “ಹಾಗಾದರೆ ಮೇಷ್ಟ್ರೇ, 1707ರಲ್ಲಿ ಪಾರ್ಲಿಮೆಂಟೇ ಇಂಗ್ಲೆಂಡಿನೊಡನೆ ಸೇರಿಹೋಯಿತಲ್ಲ. ಬಟ್ಟೆಯೂ ಅಲ್ಲವೆಂದರೆ ಅವರು ಸ್ಕಾಟರಾಗಿ ಉಳಿದದ್ದು ಹೇಗೆ?” ಎಂದರು. ನನ್ನ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಅಪರೂಪವಾಗಿತ್ತು.

ಉತ್ತರ ಒಣಕಲು, ಹಾಗಾಗಿ ಹೋಮ್‌ಸ್ಟೇ ಗೋಡೆಗೆ ಒಗ್ಗುವುದಿಲ್ಲ. 1707ರ ಒಪ್ಪಂದದಲ್ಲಿ ಪಾರ್ಲಿಮೆಂಟು ಹೋಯಿತು, ಆದರೆ ಸ್ಕಾಟ್ಲೆಂಡಿನ ನ್ಯಾಯಾಲಯಗಳು ಮತ್ತು ಕಾನೂನು ಉಳಿದವು. ಬಿಷಪ್ಪರಿಲ್ಲದ ಪ್ರೆಸ್ಬಿಟೇರಿಯನ್ ಚರ್ಚಿಗೆ ಪ್ರತ್ಯೇಕ ಖಾತರಿ ಸಿಕ್ಕಿತು. ಪ್ರತಿ ಪ್ಯಾರಿಷ್‌ನಲ್ಲೂ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಊರುಗಳಲ್ಲೂ, ಶಾಲೆ ಇರಬೇಕೆಂದು 1696ರಲ್ಲೇ ಕಾನೂನಾಗಿತ್ತು, ವಿಶ್ವವಿದ್ಯಾಲಯಗಳೂ ಅವರವೇ. ಪಾದ್ರಿ, ವಕೀಲ, ಮೇಷ್ಟ್ರು ಈ ಮೂವರು ಕಪ್ಪು ಕೋಟಿನಲ್ಲಿಯೇ ದೇಶವನ್ನು ಹಿಡಿದಿಟ್ಟರು. ನಾನೂ ಮೇಷ್ಟ್ರಾದ್ದರಿಂದ ಕೊನೆಯವನ ಮೇಲೆ ಸ್ವಲ್ಪ ಪಕ್ಷಪಾತ ಇರಬಹುದು. ಇನ್ನೂ ಹಿಂದಕ್ಕೆ ಹೋದರೆ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲೆಂಡಿನ ಸೈನ್ಯವನ್ನು ಗೆದ್ದ 1314 ಇದೆ. ತಾವು ಇಂಗ್ಲೆಂಡಿನ ಅಧೀನರಲ್ಲವೆಂದು ಸರದಾರರು ಅರ್ಬ್ರೋತ್‌ನಿಂದ ಪೋಪ್‌ಗೆ ಪತ್ರ ಬರೆದ 1320 ಇದೆ. ಈಚೆಗೆ ಬಂದರೆ 1999ರಲ್ಲಿ ಎಡಿನ್‌ಬರೋದಲ್ಲಿ ಮತ್ತೆ ಪಾರ್ಲಿಮೆಂಟು ಕೂಡಿತು. 2014ರಲ್ಲಿ ಸ್ವತಂತ್ರ ದೇಶವಾಗಬೇಕೇ ಎಂದು ಕೇಳಿದಾಗ ಸುಮಾರು ಶೇಕಡಾ 55 ಮಂದಿ ಬೇಡವೆಂದರು.

ನನಗೆ ನಿಜವಾಗಿ ಸಿಟ್ಟು ಬಂದದ್ದು ನಮ್ಮ ಸೀಮೆಯ ಸ್ಕಾಟರನ್ನೇ ಇವರು ಮರೆತದ್ದಕ್ಕೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟಿಷ್. ಟಿಪ್ಪು ಬಿದ್ದ ಮೇಲೆ ಮೈಸೂರು ರಾಜ್ಯವನ್ನು ಅಳೆದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಇದೇ ಮಂಜರಾಬಾದ್ ಸೀಮೆಯಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ ಬಂದದ್ದು ಇಂಗ್ಲೆಂಡಿಗೆ ಅಂಟಿಕೊಂಡ ದಕ್ಷಿಣದ ಗಡಿನಾಡಿನಿಂದ, ಕಿಲ್ಟಿನ ಬೆಟ್ಟಸೀಮೆಯಿಂದಲ್ಲ. ಬ್ರಿಟಿಷ್ ಸಾಮ್ರಾಜ್ಯದ ನೌಕರಿ, ತೋಟ, ಸೈನ್ಯ ಇವುಗಳಲ್ಲಿ ಸ್ಕಾಟರಿಗೆ ದೊಡ್ಡ ಪಾಲು ಸಿಕ್ಕಿತು. ತಾವು ಸ್ಕಾಟರೂ ಹೌದು, ಬ್ರಿಟಿಷರೂ ಹೌದು ಎಂದು ಅವರು ನೆಮ್ಮದಿಯಿಂದ ಹೇಳಿಕೊಳ್ಳಲು ಇದೂ ಕಾರಣ. ಆ ಪಾಲಿನ ಖರ್ಚು ಯಾರ ತಲೆಗೆ ಬಿತ್ತೆಂಬುದನ್ನು ಮಂಜರಾಬಾದ್ ಕೋಟೆಯನ್ನು ನೋಡುತ್ತಾ ಬೆಳೆದವರಿಗೆ ಹೇಳಬೇಕಾಗಿಲ್ಲ.

ಮಾಲೀಕರು ಫಲಕವನ್ನು ಬದಲಿಸುವುದಾಗಿ ಹೇಳಿದ್ದಾರೆ. ಒಕ್ಕಣೆ ಬರೆದುಕೊಡಿ ಎಂದು ನನ್ನನ್ನೇ ಕೇಳಿದರು. ಒಪ್ಪಿಕೊಂಡಿದ್ದೇನೆ, ಕೂಲಿ ಕಡುಬಿನ ರೂಪದಲ್ಲಿ. ಹೋಗುವವರು ಹಿಂಬದಿಯ ಕೋಣೆ ಕೇಳಿ, ಧ್ವನಿಪೆಟ್ಟಿಗೆ ಅಲ್ಲಿಗೆ ಕೇಳಿಸುವುದಿಲ್ಲ. ಮಳೆಗಾಲದಲ್ಲಿ ಜಿಗಣೆಗೆ ಉಪ್ಪು ಒಯ್ಯಿರಿ. ಕೊನೆಯ ಎರಡು ಕಿಲೋಮೀಟರ್ ಮಣ್ಣುರಸ್ತೆ, ಸಣ್ಣ ಕಾರಿನ ತಳ ತಾಗುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಹುಡುಗನಿಗೆ ಕಿಲ್ಟಿನಿಂದ ಬಿಡುಗಡೆ ಕೊಟ್ಟರೆ ನಾಲ್ಕು.